ಒಂದೇ ಸಾಲಿನ ಹೆರಿಗೆ ಬಿಲ್ಲು: ಅಮೆರಿಕದಲ್ಲಿ ಸಂಕೇತಗಳು ಬದಲಾಗುವುದೇಕೆ?

ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆಂದು ವಿಮಾನ ಹತ್ತಿ ಹೋಗಿಬರುವ ತಾಯಂದಿರು ಈಗ ನಮ್ಮ ಕರಾವಳಿಯಲ್ಲಿ ಅಪರೂಪವೇನಲ್ಲ. ಹೋಗುವಾಗ ಪೆಟ್ಟಿಗೆಯಲ್ಲಿ ಮೆಂತೆ, ಓಮ, ಬಾಣಂತಿ ಲೇಹ್ಯ, ಮಗುವಿಗೆ ಹಚ್ಚುವ ತೆಂಗಿನೆಣ್ಣೆ. ಬರುವಾಗ ಮೊಮ್ಮಗುವಿನ ಫೋಟೊಗಳು, ಚಾಕಲೇಟಿನ ಪೊಟ್ಟಣಗಳು ಮತ್ತು ಹೇಳಿ ಮುಗಿಯದಷ್ಟು ಕತೆಗಳು. ಆ ಕತೆಗಳಲ್ಲಿ ಆಸ್ಪತ್ರೆ ಬಿಲ್ಲಿನ ಕತೆ ಒಂದು ಇದ್ದೇ ಇರುತ್ತದೆ.

ನಮ್ಮ ನೆರೆಮನೆಯ ಬಾಯಿ ಆರು ತಿಂಗಳು ಅಲ್ಲಿದ್ದು ಬಂದವರು. "ಹೆರಿಗೆ ಒಂದೇ, ಬಿಲ್ಲು ಮಾತ್ರ ಆರು ಬಂತು ನೋಡಿ" ಎಂದು ಅವರು ಕತೆ ಆರಂಭಿಸಿದರು. ಆಸ್ಪತ್ರೆಯದ್ದು ಒಂದು, ಅರಿವಳಿಕೆ ಕೊಟ್ಟ ಡಾಕ್ಟರದ್ದು ಒಂದು, ಮಗುವನ್ನು ನೋಡಿದ ಡಾಕ್ಟರದ್ದು ಒಂದು, ರಕ್ತ ಪರೀಕ್ಷೆಯದ್ದು, ಸ್ಕ್ಯಾನಿಂಗಿನದ್ದು ಬೇರೆ ಬೇರೆ. ಆದರೆ ಅವರಿಗೆ ವಿಚಿತ್ರವಾಗಿ ಕಂಡದ್ದು ಹೆರಿಗೆ ಮಾಡಿಸಿದ ವೈದ್ಯೆಯ ಬಿಲ್ಲು. ಅದರಲ್ಲಿ ಇದ್ದದ್ದು ಒಂದೇ ಸಾಲು, ಒಂದೇ ತಾರೀಕು. "ಮಗಳು ಒಂಬತ್ತು ತಿಂಗಳು ಹೋಗಿ ಹೋಗಿ ತೋರಿಸಿದ್ದೆಲ್ಲ ಎಲ್ಲಿ ಹೋಯಿತು? ಹೆರಿಗೆಯಾದ ಮೇಲೆ ಮತ್ತೆ ಹೋದದ್ದು ಎಲ್ಲಿ?" ಎಂದು ಅವರು ಕೇಳಿದರು.

ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಆ ಸಾಲಿನಲ್ಲಿದ್ದ ಐದು ಅಂಕಿಗಳಲ್ಲಿದೆ: 59400. ಅಮೆರಿಕದಲ್ಲಿ ಹಲವು ದಶಕಗಳಿಂದ ಹೆರಿಗೆಯ ಲೆಕ್ಕ ಬರೆದದ್ದು ಈ ಅಂಕಿ ಮತ್ತು ಇದರ ಕೆಲವು ಸೋದರ ಅಂಕಿಗಳ ಮೂಲಕ. 2027ರ ಜನವರಿ 1ರಿಂದ ಜಾರಿಯಾಗುವಂತೆ ಇವುಗಳನ್ನು ಕೈಬಿಡಲು ಅಲ್ಲಿ ತೀರ್ಮಾನವಾಯಿತು. ಇದು ಬರೇ ಗುಮಾಸ್ತರ ಕೆಲಸ ಎಂದು ತಳ್ಳಿಹಾಕುವಂತಿಲ್ಲ. ಬಾಣಂತಿಯನ್ನು ಯಾರು, ಯಾವಾಗ, ಎಷ್ಟು ಸಲ ನೋಡಬೇಕು ಎಂಬ ಪ್ರಶ್ನೆಯೂ ಇದರೊಳಗೆ ಅಡಗಿದೆ.

ಐದು ಅಂಕಿಗಳ ಭಾಷೆ

ಅಮೆರಿಕದಲ್ಲಿ ವೈದ್ಯರು ನೇರವಾಗಿ ರೋಗಿಯ ಕೈಗೆ ಬಿಲ್ಲು ಕೊಟ್ಟು ಹಣ ಎಣಿಸಿಕೊಳ್ಳುವುದು ಕಡಿಮೆ. ಬಿಲ್ಲು ಮೊದಲು ಹೋಗುವುದು ವಿಮಾ ಕಂಪೆನಿಗೆ. ಬಡವರಾದರೆ ಮೆಡಿಕೈಡ್ ಎಂಬ ಸರಕಾರಿ ಯೋಜನೆಗೆ. ಅಲ್ಲಿಯ ಹತ್ತು ಹೆರಿಗೆಗಳಲ್ಲಿ ಸುಮಾರು ನಾಲ್ಕರ ಖರ್ಚು ಈ ಯೋಜನೆಯದ್ದು. ದೇಶದಲ್ಲಿ ಲಕ್ಷಾಂತರ ವೈದ್ಯರು, ನೂರಾರು ವಿಮಾ ಕಂಪೆನಿಗಳು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಅರ್ಥವಾಗಬೇಕಾದರೆ ಒಂದು ಸಮಾನ ಭಾಷೆ ಬೇಕು. ಆ ಭಾಷೆಯೇ ಸಿಪಿಟಿ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1966ರಲ್ಲಿ ಇದನ್ನು ಮೊದಲು ಪ್ರಕಟಿಸಿತು. ಈಗಲೂ ಅದರದ್ದೇ ಸಂಪಾದಕ ಮಂಡಳಿ ಸಂಕೇತಗಳನ್ನು ಸೇರಿಸುತ್ತದೆ, ತಿದ್ದುತ್ತದೆ, ತೆಗೆಯುತ್ತದೆ. ಪ್ರತಿ ಜನವರಿ 1ಕ್ಕೆ ಹೊಸ ಆವೃತ್ತಿ.

ಸಿಪಿಟಿ ಹೇಳುವುದು ವೈದ್ಯರು ಏನು ಮಾಡಿದರು ಎಂದು. ಯಾಕೆ ಮಾಡಿದರು ಎಂದು ಹೇಳುವುದಕ್ಕೆ ಇನ್ನೊಂದು ಪಟ್ಟಿಯಿದೆ, ಅದು ಐಸಿಡಿ. 2015ರ ಅಕ್ಟೋಬರ್ 1ರಂದು ಅಮೆರಿಕ ಐಸಿಡಿಯ ಒಂಬತ್ತನೇ ಆವೃತ್ತಿಯಿಂದ ಹತ್ತನೆಯದಕ್ಕೆ ದಾಟಿತು. ಅಂದಿನಿಂದ ಬಸಿರು, ಹೆರಿಗೆ, ಬಾಣಂತನದ ತೊಡಕುಗಳ ಸಂಕೇತಗಳೆಲ್ಲ ಇಂಗ್ಲಿಷಿನ ಓ ಅಕ್ಷರದಿಂದ ಆರಂಭವಾಗುತ್ತವೆ. ಎಷ್ಟನೇ ವಾರದ ಬಸಿರು ಎಂಬುದಕ್ಕೂ ಆಗಲೇ ಸಂಕೇತ ಬಂತು. 28 ವಾರ ತುಂಬಿದ್ದರೆ ಝಡ್3ಎ.28 ಎಂದು ಬರೆಯುತ್ತಾರೆ. ಬಿಲ್ಲಿನಲ್ಲಿ 'ಏನು' ಮತ್ತು 'ಯಾಕೆ' ಎರಡೂ ಹೊಂದಿಕೊಂಡರೆ ಹಣ ಬರುತ್ತದೆ, ಇಲ್ಲವಾದರೆ ಬಿಲ್ಲು ಹಿಂದಕ್ಕೆ ಬರುತ್ತದೆ. ಎರಡರ ನಡುವಿನ ಈ ನಂಟನ್ನು ನೆನಪಿಡಿ, ಮುಂದೆ ಕಿಸೆಯ ಮಾತು ಬಂದಾಗ ಇದು ಬೇಕಾಗುತ್ತದೆ.

ಗುತ್ತಿಗೆಯ ಹೆರಿಗೆ

ಮನೆ ಕಟ್ಟಿಸಿದವರಿಗೆ ಗುತ್ತಿಗೆ ಮತ್ತು ದಿನಸಂಬಳದ ವ್ಯತ್ಯಾಸ ಗೊತ್ತು. ಗುತ್ತಿಗೆ ಎಂದರೆ ಪಂಚಾಂಗದಿಂದ ಮಾಡಿನವರೆಗೆ ಇಷ್ಟು ಎಂದು ಒಂದೇ ಮಾತು. ಮೇಸ್ತ್ರಿ ಎಷ್ಟು ದಿನ ಬಂದ, ಯಾವ ದಿನ ಬರಲಿಲ್ಲ ಎಂದು ಯಾರೂ ಬರೆದಿಡುವುದಿಲ್ಲ. ದಿನಸಂಬಳವಾದರೆ ಬಂದ ದಿನಕ್ಕೆ ಲೆಕ್ಕ, ಬಾರದ ದಿನಕ್ಕೆ ಇಲ್ಲ.

59400 ಎಂಬುದು ಗುತ್ತಿಗೆ. ಸಹಜ ಹೆರಿಗೆಗೆ ಆ ಸಂಕೇತ, ಸಿಸೇರಿಯನ್ ಆದರೆ 59510. ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದು ಈ ಸಲ ಸಹಜವಾಗಿ ಆದರೆ 59610, ಹಾಗೆ ಪ್ರಯತ್ನಿಸಿ ಕೊನೆಗೆ ಸಿಸೇರಿಯನ್ನೇ ಆದರೆ 59618. ಈ ನಾಲ್ಕರಲ್ಲಿ ಯಾವುದನ್ನು ಬರೆದರೂ ಅದರೊಳಗೆ ಮೂರು ಕಾಲ ಸೇರಿರುತ್ತದೆ: ಹೆರಿಗೆಗೆ ಮೊದಲಿನ ತಪಾಸಣೆಗಳು, ಹೆರಿಗೆ, ಹೆರಿಗೆಯ ನಂತರದ ತಪಾಸಣೆ. ತೂಕ, ರಕ್ತದೊತ್ತಡ ನೋಡುವುದು, ಮಗುವಿನ ಎದೆಬಡಿತ ಕೇಳುವುದು, ಸಾಮಾನ್ಯ ಮೂತ್ರ ಪರೀಕ್ಷೆ, ಆಸ್ಪತ್ರೆಗೆ ದಾಖಲಿಸುವುದು, ನೋವು ಬಂದಾಗ ಜತೆಯಲ್ಲಿದ್ದು ನೋಡಿಕೊಳ್ಳುವುದು ಎಲ್ಲವೂ ಅದರೊಳಗೆ ಬಂತು. ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಅರಿವಳಿಕೆ, ಮಗುವಿನ ತಪಾಸಣೆ ಮತ್ತು ಆಸ್ಪತ್ರೆಯ ಕೋಣೆ ಮಾತ್ರ ಗುತ್ತಿಗೆಯ ಹೊರಗೆ. ಬಾಯಿಯವರ ಮಗಳಿಗೆ ಆರು ಬಿಲ್ಲು ಬಂದದ್ದು ಹೀಗೆ.

ತಪಾಸಣೆಯ ಲೆಕ್ಕವನ್ನೂ ಸಂಕೇತದ ಪುಸ್ತಕವೇ ಹೇಳುತ್ತಿತ್ತು: 28 ವಾರಗಳವರೆಗೆ ತಿಂಗಳಿಗೊಮ್ಮೆ, 36 ವಾರಗಳವರೆಗೆ ಎರಡು ವಾರಕ್ಕೊಮ್ಮೆ, ಅಲ್ಲಿಂದ ಹೆರಿಗೆಯವರೆಗೆ ವಾರಕ್ಕೊಮ್ಮೆ. ಒಟ್ಟು ಸುಮಾರು 13 ಭೇಟಿ. ಈ ವೇಳಾಪಟ್ಟಿ ಹೊಸದಲ್ಲ. 1930ರಲ್ಲಿ ಅಮೆರಿಕ ಸರಕಾರದ ಮಕ್ಕಳ ಇಲಾಖೆ ಹಾಕಿಕೊಟ್ಟ ಕ್ರಮವೇ ಹೆಚ್ಚುಕಡಿಮೆ ಹಾಗೆಯೇ ಉಳಿದುಬಂದಿತ್ತು. ಎಂಟು ಸಲ ಬಂದವಳಿಗೂ ಹದಿಮೂರು ಸಲ ಬಂದವಳಿಗೂ ಬಿಲ್ಲು ಒಂದೇ. ತೊಡಕಿನಿಂದಾಗಿ ಹೆಚ್ಚಾದ ಭೇಟಿಗಳಿಗೆ ಬೇರೆ ಬಿಲ್ಲು ಮಾಡಬಹುದಿತ್ತಾದರೂ ಅದನ್ನು ಒಪ್ಪುವುದು ಬಿಡುವುದು ವಿಮಾ ಕಂಪೆನಿಯ ಮರ್ಜಿ.

ಗುತ್ತಿಗೆಯಿಂದ ಅನುಕೂಲ ಇರಲಿಲ್ಲವೆಂದಲ್ಲ. ಲೆಕ್ಕ ಸುಲಭ, ಕಾಗದ ಕಡಿಮೆ, ಗಂಡ ಹೆಂಡತಿಗೆ ಒಟ್ಟು ಎಷ್ಟಾಗುತ್ತದೆ ಎಂಬ ಅಂದಾಜು ಮೊದಲೇ ಸಿಗುತ್ತಿತ್ತು. ತೊಂದರೆ ಬಂದದ್ದು ಹೆಂಗಸು ಒಂದೇ ವೈದ್ಯೆಯ ಬಳಿ, ಒಂದೇ ವಿಮೆಯ ಅಡಿ ಒಂಬತ್ತು ತಿಂಗಳು ಕಳೆಯದಿದ್ದಾಗ. ನಮ್ಮ ಮಕ್ಕಳ ಸಂಗತಿಯನ್ನೇ ನೋಡಿ. ಗಂಡನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು, ಏಳನೇ ತಿಂಗಳಲ್ಲಿ ಮನೆ ಬದಲಾಯಿತು. ಅಥವಾ ಕಂಪೆನಿ ಕೆಲಸದಿಂದ ತೆಗೆಯಿತು, ವಿಮೆಯೂ ಅದರೊಂದಿಗೆ ಹೋಯಿತು. ಆಗ ಗುತ್ತಿಗೆಯನ್ನು ನಡುವೆ ಕಡಿಯಬೇಕು. ಮೊದಲಿನ ವೈದ್ಯೆ ನಾಲ್ಕರಿಂದ ಆರು ಭೇಟಿಗೆ 59425, ಏಳು ಅಥವಾ ಹೆಚ್ಚಿಗೆ 59426 ಎಂದು ಬರೆಯಬೇಕು. ಮೂರಕ್ಕಿಂತ ಹೆಚ್ಚಿಲ್ಲದಿದ್ದರೆ ಸಾಮಾನ್ಯ ರೋಗಿಯ ಹಾಗೆ ಒಂದೊಂದೇ ಭೇಟಿಯ ಬಿಲ್ಲು. ಹೆರಿಗೆ ಮಾಡಿಸಿದವರು 'ಹೆರಿಗೆ ಮಾತ್ರ' ಎನ್ನುವ 59409 ಬರೆಯಬೇಕು. ಯಾರಾದರೊಬ್ಬರು ತಪ್ಪಿ ಪೂರ್ತಿ ಗುತ್ತಿಗೆಯ ಸಂಕೇತ ಬರೆದರೆ ಇನ್ನೊಬ್ಬರ ಬಿಲ್ಲು ತಿರಸ್ಕೃತ. ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ವಿಮಾ ಕಂಪೆನಿಗೆ ಫೋನು ಹಚ್ಚಿ ಅರ್ಧ ಗಂಟೆ ಸಂಗೀತ ಕೇಳುವ ಕೆಲಸ ಬಾಣಂತಿಯದ್ದು. ಹಲವು ಕ್ಲಿನಿಕ್ಕುಗಳಲ್ಲಿ ಹೆರಿಗೆಗೆ ಮೊದಲೇ ರೋಗಿಯ ಪಾಲನ್ನು ಕಂತಿನಲ್ಲಿ ಕಟ್ಟಿಸಿಕೊಳ್ಳುವ ಪದ್ಧತಿಯೂ ಇತ್ತು. ಊರು ಬಿಟ್ಟವರು ಆ ಹಣ ಹಿಂದಕ್ಕೆ ಪಡೆಯಲು ಪಟ್ಟ ಪಾಡು ಬೇರೆಯೇ.

ಎಣಿಕೆಗೆ ಸಿಗದ ಬಾಣಂತಿ

ಆದರೆ ಗುತ್ತಿಗೆಯ ದೊಡ್ಡ ದೋಷ ಹಣದ್ದಲ್ಲ ಎಂದು ನನಗನಿಸುತ್ತದೆ. ಅದು ಹೆರಿಗೆಯ ನಂತರದ ದಿನಗಳದ್ದು.

ಗುತ್ತಿಗೆಯ ಒಳಗೆ ಬಾಣಂತಿಯ ತಪಾಸಣೆಯ ಹಣವೂ ಸೇರಿತ್ತು. ರೂಢಿಯಲ್ಲಿ ಅದು ಆರು ವಾರಕ್ಕೆ ಒಂದು ಭೇಟಿ. ಅವಳು ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ, ಹೆರಿಗೆಯ ದಿನವೇ ಬಿಲ್ಲು ಹೋಗಿ ಆಗಿರುತ್ತಿತ್ತು. ಎರಡು ಸಲ ಹೆಚ್ಚಿಗೆ ಕರೆದು ನೋಡಿದ ವೈದ್ಯೆಗೆ ಅದರಿಂದ ಒಂದು ಕಾಸೂ ಹೆಚ್ಚಿಗೆ ಸಿಗುವುದಿಲ್ಲ. ಒಂದು ಸಲವೂ ಕರೆಯದವರಿಗೆ ನಷ್ಟವಿಲ್ಲ. ಬಾಯಿಯವರ ಮಗಳ ಭೇಟಿಗಳು ಬಿಲ್ಲಿನಲ್ಲಿ ಕಾಣದೆ ಹೋದ ಹಾಗೆಯೇ ದೇಶದ ಲಕ್ಷಾಂತರ ಬಾಣಂತಿಯರು ತಪಾಸಣೆಗೆ ಬಂದರೇ ಇಲ್ಲವೇ ಎಂಬುದೂ ಬಿಲ್ಲುಗಳಲ್ಲಿ ಕಾಣುತ್ತಿರಲಿಲ್ಲ. ವಿಮಾ ಯೋಜನೆಗಳು ಇದನ್ನು ತಿಳಿಯಲು ಒಂದು ಉಪಾಯ ಮಾಡಿದವು. 0500ಎಫ್ ಎಂದರೆ ಬಸುರಿಯ ಮೊದಲ ಭೇಟಿ, 0503ಎಫ್ ಎಂದರೆ ಬಾಣಂತಿಯ ಭೇಟಿ ಎಂಬ ಸಂಕೇತಗಳನ್ನು ಬರೆದು ಕಳುಹಿಸಿ ಎಂದವು. ಇವು ಎಣಿಕೆಗಾಗಿ ಮಾತ್ರ ಇರುವ ಸಂಕೇತಗಳು, ಸಂಕೇತಕ್ಕೆಂದು ಹಣವಿಲ್ಲ. ಹಣವಿಲ್ಲದ ಸಾಲನ್ನು ಬರೆಯಲು ಯಾವ ಗುಮಾಸ್ತನಿಗೆ ಪುರುಸೊತ್ತು?

ಇದೇ ಹೊತ್ತಿಗೆ ಇನ್ನೊಂದು ಕಡೆಯಿಂದ ಕಣ್ಣು ತೆರೆಸುವ ಅಂಕಿಗಳು ಬಂದವು. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2022ರಲ್ಲಿ 36 ರಾಜ್ಯಗಳ ಮಾಹಿತಿ ಪ್ರಕಟಿಸಿತು. 2017ರಿಂದ 2019ರವರೆಗಿನ, ಬಸಿರಿಗೆ ಸಂಬಂಧಿಸಿದ ತಾಯಂದಿರ ಸಾವುಗಳಲ್ಲಿ ಶೇಕಡಾ 53ರಷ್ಟು ಸಂಭವಿಸಿದ್ದು ಹೆರಿಗೆಯಾಗಿ ಒಂದು ವಾರದ ನಂತರ, ಒಂದು ವರ್ಷದ ಒಳಗೆ. ಹೆರಿಗೆಯ ಮೇಜಿನ ಮೇಲಲ್ಲ, ಮನೆಗೆ ಬಂದ ಮೇಲೆ. ಪ್ರತಿ ಐದರಲ್ಲಿ ನಾಲ್ಕಕ್ಕಿಂತ ಹೆಚ್ಚು ಸಾವುಗಳು ತಪ್ಪಿಸಬಹುದಾಗಿದ್ದವು ಎಂದು ಪರಿಶೀಲಿಸಿದ ಸಮಿತಿಗಳು ಹೇಳಿದವು. ಕಾರಣಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಮಾನಸಿಕ ಆರೋಗ್ಯದ ತೊಂದರೆಗಳು. ಆತ್ಮಹತ್ಯೆ, ಮಾದಕ ದ್ರವ್ಯದ ಅತಿಸೇವನೆ ಅದರಲ್ಲಿ ಸೇರಿವೆ.

ಅಲ್ಲಿಯ ಪ್ರಸೂತಿ ತಜ್ಞರ ಸಂಸ್ಥೆಯಾದ ಅಮೆರಿಕನ್ ಕಾಲೇಜ್ ಆಫ್ ಅಬ್‌ಸ್ಟೆಟ್ರಿಶಿಯನ್ಸ್ ಎಂಡ್ ಗೈನಕಾಲಜಿಸ್ಟ್ಸ್ 2018ರಲ್ಲೇ ಹೇಳಿತ್ತು: ಆರು ವಾರಕ್ಕೊಮ್ಮೆ ನೋಡಿ ಮುಗಿಸುವ ಪದ್ಧತಿ ಸಾಲದು, ಮೊದಲ ಮೂರು ವಾರಗಳ ಒಳಗೆ ಬಾಣಂತಿಯನ್ನು ಸಂಪರ್ಕಿಸಬೇಕು, ಬೇಕಾದಷ್ಟು ಸಲ ನೋಡಬೇಕು, 12 ವಾರದೊಳಗೆ ಪೂರ್ಣ ತಪಾಸಣೆ ಆಗಬೇಕು. 2025ರ ಏಪ್ರಿಲಿನಲ್ಲಿ ಅದೇ ಸಂಸ್ಥೆ ಬಸುರಿಯ ತಪಾಸಣೆಯ ಕುರಿತೂ ಹೊಸ ಸಲಹೆ ಕೊಟ್ಟಿತು. ಎಲ್ಲರಿಗೂ ಒಂದೇ ವೇಳಾಪಟ್ಟಿ ಬೇಡ, ತೊಡಕಿಲ್ಲದವರಿಗೆ ಭೇಟಿ ಕಡಿಮೆಯಾದರೂ ಸಾಕು, ಕೆಲವು ಭೇಟಿ ಫೋನು ಅಥವಾ ವೀಡಿಯೋದಲ್ಲಿ ಆಗಬಹುದು, ತೊಡಕಿರುವವರಿಗೆ ಹೆಚ್ಚು ಗಮನ ಬೇಕು ಎಂದು. ಹದಿಮೂರು ಭೇಟಿಯ ಗುತ್ತಿಗೆಯೊಳಗೆ ಇದು ಹೇಗೆ ಹಿಡಿಸೀತು?

ಇಲ್ಲಿ ನಮ್ಮ ಬಾಣಂತನದ ಮಾತನ್ನೂ ಹೇಳಬೇಕು. ನಲವತ್ತು ದಿನ ತಾಯಿ ಪಕ್ಕದಲ್ಲಿದ್ದು ಎಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ಹೊತ್ತಿಗೆ ಸರಿಯಾಗಿ ಉಣ್ಣಿಸುವುದು ದೊಡ್ಡ ಆಸರೆ, ಅದಕ್ಕೆ ಯಾವ ಪುಸ್ತಕದಲ್ಲೂ ಸಂಕೇತವಿಲ್ಲ. ಆದರೆ ನಮ್ಮ ಕಣ್ಣು ಮಗುವಿನ ಮೇಲಿರುವಷ್ಟು ಬಾಣಂತಿಯ ರಕ್ತದೊತ್ತಡದ ಮೇಲೆ ಇರುವುದಿಲ್ಲ. ಹೆರಿಗೆಯಾದ ಮೇಲೂ ಆರು ವಾರಗಳವರೆಗೆ ರಕ್ತದೊತ್ತಡ ಏರಿ ಪ್ರಾಣಕ್ಕೆ ಕುತ್ತು ಬರಬಹುದು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆನೋವು, ಉಸಿರು ಕಟ್ಟುವುದು, ಒಂದೇ ಕಾಲು ಊದಿ ನೋಯುವುದು, ಹೆಚ್ಚು ರಕ್ತಸ್ರಾವ, ಜ್ವರ, ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಇವುಗಳಲ್ಲಿ ಯಾವುದು ಕಂಡರೂ 'ಸ್ನಾನ ಮಾಡಿಸಿದರೆ ಸರಿಹೋಗುತ್ತದೆ' ಎಂದು ಕಾಯಬಾರದು, ಕೂಡಲೇ ಡಾಕ್ಟರಿಗೆ ಫೋನು ಮಾಡಬೇಕು. ತುರ್ತಾದರೆ ಅಲ್ಲಿಯ ಸಂಖ್ಯೆ 911. ಬಾಣಂತನಕ್ಕೆ ಹೋಗುವ ತಾಯಂದಿರಿಗೆ ಇದು ಬಿಲ್ಲಿಗಿಂತ ಮುಖ್ಯವಾದದ್ದರಿಂದ ಇಲ್ಲಿಯೇ ಬರೆದೆ.

ಗುತ್ತಿಗೆ ಹೋಗಿ ಬಿಡಿ ಲೆಕ್ಕ

ಹೊಸ ಏರ್ಪಾಡಿನಲ್ಲಿ ಗುತ್ತಿಗೆಯ ಸಂಕೇತಗಳಿಗೆ ಜಾಗವಿಲ್ಲ. ಹೆರಿಗೆಗೆ ಮೊದಲಿನ ಮತ್ತು ನಂತರದ ಪ್ರತಿ ಭೇಟಿಗೂ, ಬೇರೆ ರೋಗಿಗಳಿಗೆ ಬರೆಯುವ ಹಾಗೆಯೇ, ಆಯಾ ದಿನದ ಬಿಲ್ಲು. ಹೆರಿಗೆ ನೋವಿನ ಹೊತ್ತಿನ ಆರೈಕೆಗೂ ಹೆರಿಗೆಗೂ ಬೇರೆ ಹೊಸ ಸಂಕೇತಗಳು. ಇದರಿಂದ ರಾತ್ರಿಯೆಲ್ಲ ನೋವು ತಿನ್ನುವ ಹೆಂಗಸಿನ ಪಕ್ಕದಲ್ಲಿದ್ದು, ಬೆಳಿಗ್ಗೆ ಪಾಳಿ ಮುಗಿಸಿ ಹೋದ ವೈದ್ಯೆಯ ಅಥವಾ ಸೂಲಗಿತ್ತಿ ನರ್ಸಿನ ಕೆಲಸಕ್ಕೂ ಒಂದು ಸಾಲು ಸಿಗುತ್ತದೆ. ಗುತ್ತಿಗೆಯಲ್ಲಿ ಅದು ಹೆರಿಗೆ ಮಾಡಿಸಿದವರ ಹೆಸರಿನಲ್ಲಿ ಮುಚ್ಚಿಹೋಗುತ್ತಿತ್ತು.

ಭೇಟಿಯ ಸಂಕೇತಗಳು ಹಳೆಯವೇ. ಹೊಸ ರೋಗಿಗೆ 99202ರಿಂದ 99205, ಮೊದಲೇ ಪರಿಚಯವಿರುವ ರೋಗಿಯನ್ನು ವೈದ್ಯರು ನೋಡಿದರೆ 99212ರಿಂದ 99215. ಅಂಕಿ ಮೇಲೇರಿದ ಹಾಗೆ ಹಣವೂ ಏರುತ್ತದೆ. 2021ರಿಂದ ಈ ಮೆಟ್ಟಿಲನ್ನು ನಿರ್ಧರಿಸುವುದು ಎರಡರಲ್ಲಿ ಒಂದರ ಆಧಾರದಲ್ಲಿ: ಆ ದಿನ ರೋಗಿಗಾಗಿ ಕಳೆದ ಸಮಯ, ಇಲ್ಲವೇ ವೈದ್ಯಕೀಯ ನಿರ್ಧಾರದ ಕಷ್ಟ. ಎಲ್ಲ ಸರಿಯಿದ್ದು ಹತ್ತು ನಿಮಿಷದಲ್ಲಿ ಮುಗಿದ ತಪಾಸಣೆ ಕೆಳಗಿನ ಮೆಟ್ಟಿಲಿನಲ್ಲಿ ನಿಂತರೆ, ಬಸುರಿ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಆರಂಭಿಸುವ ದಿನದ ಭೇಟಿ ಮೇಲಿನ ಮೆಟ್ಟಿಲಿಗೆ ಹೋಗುತ್ತದೆ. ನಮ್ಮ ಭಾರತೀಯ ಮೂಲದ ಹೆಂಗಸರಲ್ಲಿ ಬಸುರಿ ಸಕ್ಕರೆ ಕಾಯಿಲೆ ಹೆಚ್ಚು. ಅವರ ಆರೈಕೆಯ ಶ್ರಮ ಇನ್ನು ಬಿಲ್ಲಿನಲ್ಲಿ ಕಾಣುತ್ತದೆ.

ಇದು ತೀರಾ ಹೊಸ ಯೋಚನೆಯಲ್ಲ. ಕೆಲವು ರಾಜ್ಯಗಳ ಮೆಡಿಕೈಡ್ ಮೊದಲಿನಿಂದಲೂ ಗುತ್ತಿಗೆಯ ಸಂಕೇತವನ್ನು ಒಪ್ಪದೆ ಭೇಟಿಗಳ ಬಿಡಿ ಬಿಲ್ಲನ್ನೇ ಕೇಳುತ್ತಿತ್ತು. ಮೆಡಿಕೈಡಿನಲ್ಲಿ ಇನ್ನೊಂದು ಬೆಳವಣಿಗೆಯೂ ಆಯಿತು. ಹಿಂದೆ ಹೆರಿಗೆಯಾಗಿ 60 ದಿನಕ್ಕೆ ನಿಂತುಹೋಗುತ್ತಿದ್ದ ಬಾಣಂತಿಯ ರಕ್ಷಣೆಯನ್ನು 12 ತಿಂಗಳಿಗೆ ವಿಸ್ತರಿಸಲು 2021ರ ಕಾಯಿದೆ ರಾಜ್ಯಗಳಿಗೆ ದಾರಿ ಮಾಡಿಕೊಟ್ಟಿತು, ಬಹುಪಾಲು ರಾಜ್ಯಗಳು ಅದನ್ನು ಬಳಸಿಕೊಂಡವು. ವಿಮೆ ಹನ್ನೆರಡು ತಿಂಗಳು ಇದ್ದು, ಬಿಲ್ಲಿನ ಸಂಕೇತ ಆರು ವಾರಕ್ಕೆ ಮುಗಿದರೆ ಹೇಗೆ?

ಕಿಸೆಗೆ ಏನಾಗುತ್ತದೆ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. 13 ಭೇಟಿಗೆ 13 ಬಿಲ್ಲು ಎಂದರೆ 13 ಸಲ ಕಿಸೆಗೆ ಕೈ ಹಾಕಬೇಕೇ?

ತೊಡಕಿಲ್ಲದ ಬಸಿರಿಗೆ ಹಾಗಾಗಬಾರದು. ಒಬಾಮಾ ಆಡಳಿತದ 2010ರ ಆರೋಗ್ಯ ಕಾಯಿದೆಯಡಿ, ಬಸುರಿಯ ವಾಡಿಕೆಯ ತಪಾಸಣೆ ಮುನ್ನೆಚ್ಚರಿಕೆಯ ಸೇವೆಗಳಲ್ಲಿ ಒಂದು. 2012ರಿಂದ ಹೆಚ್ಚಿನ ಖಾಸಗಿ ವಿಮೆಗಳು ತಮ್ಮ ಜಾಲದ ವೈದ್ಯರ ಬಳಿ ಆಗುವ ಇಂಥ ಭೇಟಿಗೆ ರೋಗಿಯಿಂದ ಏನನ್ನೂ ವಸೂಲು ಮಾಡುವಂತಿಲ್ಲ. ಕಾಯಿದೆಗೆ ಮೊದಲೇ ಇದ್ದು ಬದಲಾಗದೆ ಉಳಿದ ಕೆಲವು ಹಳೆಯ ವಿಮೆಗಳಿಗೆ ಮಾತ್ರ ವಿನಾಯಿತಿ.

ಆದರೆ ಭೇಟಿ 'ವಾಡಿಕೆಯದ್ದು' ಎಂದು ತೀರ್ಮಾನಿಸುವವರು ಯಾರು? ಇಲ್ಲಿಯೇ 'ಏನು' ಮತ್ತು 'ಯಾಕೆ' ಎಂಬ ಎರಡು ಸಂಕೇತಗಳ ನಂಟು ಬರುವುದು. ಸಾಮಾನ್ಯ ಬಸಿರಿನ ತಪಾಸಣೆ ಎಂದರೆ ಝಡ್34. ಅಪಾಯ ಹೆಚ್ಚಿರುವ ಬಸಿರು ಎಂದರೆ ಓ09, ಬಸುರಿ ಸಕ್ಕರೆ ಕಾಯಿಲೆಯಾದರೆ ಓ24. ವೈದ್ಯೆ ನೋಡಿದ್ದು ಅದೇ ಹೆಂಗಸನ್ನು, ಅದೇ ಕೋಣೆಯಲ್ಲಿ. ಆದರೆ 'ಯಾಕೆ' ಎಂಬ ಸಾಲು ಬದಲಾದರೆ ವಿಮಾ ಕಂಪೆನಿ ಅದನ್ನು ಮುನ್ನೆಚ್ಚರಿಕೆಯ ಭೇಟಿಯಲ್ಲ, ಚಿಕಿತ್ಸೆ ಎಂದು ಎಣಿಸಿ ಪಾಲು ಕೇಳಬಹುದು. ಗುತ್ತಿಗೆಯ ಕಾಲದಲ್ಲಿ ಇಂಥದ್ದು ಕಣ್ಣಿಗೆ ಬೀಳುತ್ತಿದ್ದುದು ಕಡಿಮೆ, ಇನ್ನು ತಿಂಗಳು ತಿಂಗಳು ಬೀಳುತ್ತದೆ. ತೊಡಕಿರುವ ಬಸುರಿಗೇ ಹೆಚ್ಚಿನ ಭೇಟಿ, ಅವಳಿಗೇ ಹೆಚ್ಚಿನ ಬಿಲ್ಲು ಎಂಬ ಸ್ಥಿತಿ ಬಂದರೆ ಒಂದೆರಡು ಭೇಟಿ ತಪ್ಪಿಸಿ ಹಣ ಉಳಿಸುವ ಯೋಚನೆ ಯಾರಿಗಾದರೂ ಬಂದೀತು. ಬಿಡಿ ಲೆಕ್ಕವನ್ನು ಒಪ್ಪುವ ನನ್ನಂಥವರಿಗೂ ಈ ಬದಲಾವಣೆಯಲ್ಲಿ ಅಳುಕು ಹುಟ್ಟಿಸುವ ಜಾಗ ಇದು.

ವರ್ಷದ ಲೆಕ್ಕವೂ ಬದಲಾಗುತ್ತದೆ. ಅಲ್ಲಿಯ ವಿಮೆಗಳಲ್ಲಿ ವರ್ಷಕ್ಕೆ ಇಷ್ಟು ಹಣವನ್ನು ಮೊದಲು ನೀವೇ ಕೊಡಬೇಕು, ನಂತರ ಕಂಪೆನಿ ಕೊಡುತ್ತದೆ ಎಂಬ ಡಿಡಕ್ಟಿಬಲ್ ಇದೆ. ಹೆಚ್ಚಿನ ವಿಮೆಗಳಲ್ಲಿ ಅದು ಜನವರಿಗೆ ಪುನಃ ಸೊನ್ನೆಯಿಂದ ಆರಂಭ. ಗುತ್ತಿಗೆಯಲ್ಲಿ ಇಡೀ ಬಿಲ್ಲು ಹೆರಿಗೆಯ ತಾರೀಕಿಗೆ ಬೀಳುತ್ತಿದ್ದುದರಿಂದ ವೈದ್ಯೆಯ ಮಟ್ಟಿಗೆ ಒಂದೇ ವರ್ಷದ ಲೆಕ್ಕ. ಬಿಡಿ ಬಿಲ್ಲಿನಲ್ಲಿ ಜೂನಿನಲ್ಲಿ ಆರಂಭವಾದ ತಪಾಸಣೆ ಆ ವರ್ಷಕ್ಕೆ, ಫೆಬ್ರವರಿಯ ಹೆರಿಗೆ ಮುಂದಿನ ವರ್ಷಕ್ಕೆ. ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದು ಅವರವರ ವಿಮೆಯ ಮೇಲೆ.

ಒಟ್ಟು ಮೊತ್ತದ ಅಂದಾಜು ಬೇಕಾದವರಿಗೆ ಒಂದು ಅಂಕಿ: ಪೀಟರ್ಸನ್ ಮತ್ತು ಕೆಎಫ್ಎಫ್ ಸಂಸ್ಥೆಗಳು 2022ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ದೊಡ್ಡ ಕಂಪೆನಿಗಳ ವಿಮೆಯಲ್ಲಿರುವ ಹೆಂಗಸರಿಗೆ ಬಸಿರು, ಹೆರಿಗೆ, ಬಾಣಂತನದ ಖರ್ಚು ಸರಾಸರಿ 18,865 ಡಾಲರ್. ಅದರಲ್ಲಿ ಕುಟುಂಬ ತನ್ನ ಕೈಯಿಂದ ಕೊಟ್ಟದ್ದು ಸರಾಸರಿ 2,854 ಡಾಲರ್. ಇದರಲ್ಲಿ ದೊಡ್ಡ ಪಾಲು ಆಸ್ಪತ್ರೆಯದ್ದು. ಆಸ್ಪತ್ರೆಯ ಬಿಲ್ಲಿಗೂ ಈ ಸಂಕೇತ ಬದಲಾವಣೆಗೂ ನೇರ ಸಂಬಂಧವಿಲ್ಲ.

ಎರಡು ವರ್ಷಗಳ ನಡುವೆ ಸಿಕ್ಕ ಬಸಿರು

ಸಂಕೇತ ಬದಲಾಗುವುದು ಒಂದು ದಿನದಲ್ಲಿ, ಬಸಿರು ಇರುವುದು ಒಂಬತ್ತು ತಿಂಗಳು. ಕೊನೆಯ ಮುಟ್ಟಿನಿಂದ 280 ದಿನಗಳ ಲೆಕ್ಕ ಹಾಕಿದರೆ, 2026ರ ಮಾರ್ಚ್ ಕೊನೆಯ ವಾರದ ನಂತರ ಲೆಕ್ಕ ಆರಂಭವಾದ ಬಸಿರುಗಳ ಹೆರಿಗೆಯ ದಿನ 2027ಕ್ಕೆ ಬೀಳುತ್ತದೆ. ತಪಾಸಣೆ ಹಳೆಯ ಪುಸ್ತಕದ ಕಾಲದಲ್ಲಿ, ಹೆರಿಗೆ ಹೊಸ ಪುಸ್ತಕದ ಕಾಲದಲ್ಲಿ. ಗುತ್ತಿಗೆಯೆಂದು ನಂಬಿ ಆರು ತಿಂಗಳು ಬಿಲ್ಲು ಮಾಡದೆ ಕುಳಿತ ಕ್ಲಿನಿಕ್ಕಿಗೆ ಹೆರಿಗೆಯ ದಿನ ಆ ಸಂಕೇತವೇ ಇರುವುದಿಲ್ಲ. ಇಂಥ ಬಸಿರಿನವರು ಎರಡು ಬಗೆಯ ಬಿಲ್ಲು ಬಂದರೆ ಗಾಬರಿಯಾಗಬೇಕಿಲ್ಲ. ಆದರೆ ಒಂದೇ ಭೇಟಿಗೆ ಬಿಡಿಯಾಗಿಯೂ ಮೊತ್ತದಲ್ಲಿಯೂ ಎರಡು ಸಲ ಲೆಕ್ಕ ಬಂದಿದೆಯೇ ಎಂದು ತಾರೀಕು ಹಿಡಿದು ನೋಡಬೇಕು. ಮೊದಲೇ ಕಂತು ಕಟ್ಟಿದ್ದರೆ ಅದು ಎಲ್ಲಿ ಜಮೆಯಾಯಿತು ಎಂದೂ ಕೇಳಬೇಕು.

ಈ ಗೊಂದಲ ಬಿಡಿಸುವ ಕೆಲಸದ ಒಂದು ಪಾಲು ನಡೆಯುವುದು ನಮ್ಮ ದೇಶದಲ್ಲಿ. ಬೆಂಗಳೂರು, ಚೆನ್ನೈ, ಹೈದರಾಬಾದುಗಳ ಮೆಡಿಕಲ್ ಕೋಡಿಂಗ್ ಕಚೇರಿಗಳಲ್ಲಿ ರಾತ್ರಿ ಹಗಲೆನ್ನದೆ ಅಮೆರಿಕದ ವೈದ್ಯರ ಟಿಪ್ಪಣಿ ಓದಿ ಸಂಕೇತ ಹಾಕುವವರಲ್ಲಿ ನಮ್ಮ ಕರಾವಳಿಯ ಹುಡುಗ ಹುಡುಗಿಯರೂ ಇದ್ದಾರೆ. ಬಿ.ಎಸ್ಸಿ., ನರ್ಸಿಂಗ್, ಫಾರ್ಮಸಿ ಕಲಿತು ಸಿಪಿಸಿ ಪರೀಕ್ಷೆ ಬರೆದವರು. ಅವರಿಗೆ ಇಷ್ಟರವರೆಗೆ ಹೆರಿಗೆಯ ಕಡತವೆಂದರೆ ಭೇಟಿ ಎಣಿಸಿ ಒಂದು ಸಂಕೇತ ಹಾಕುವುದಾಗಿತ್ತು. ಬಿಡಿ ಲೆಕ್ಕದಲ್ಲಿ ಪ್ರತಿ ಭೇಟಿಯ ಟಿಪ್ಪಣಿ ಓದಿ ಮೆಟ್ಟಿಲು ಗುರುತಿಸಬೇಕು. ಇಲ್ಲಿ ಒಬ್ಬಳು ಝಡ್34 ಎಂದು ಬರೆಯಬೇಕಾದಲ್ಲಿ ಓ09 ಎಂದು ಬರೆದರೆ ಅಲ್ಲಿ ಇನ್ನೊಬ್ಬಳ ಮನೆಗೆ ಬಿಲ್ಲು ಹೋಗುತ್ತದೆ. ಪರೀಕ್ಷೆಗೆ ಓದುತ್ತಿರುವವರು ಹಳೆಯ ಪುಸ್ತಕದ ಹೆರಿಗೆ ಅಧ್ಯಾಯವನ್ನು ಬಾಯಿಪಾಠ ಮಾಡುವ ಮೊದಲು ತಾವು ಬರೆಯುವ ಪರೀಕ್ಷೆ ಯಾವ ವರ್ಷದ ಆವೃತ್ತಿಯದ್ದು ಎಂದು ನೋಡಿಕೊಳ್ಳಲಿ.

ಇನ್ನು ಮಗಳು ಅಳಿಯ ಅಲ್ಲಿರುವ ಓದುಗರಿಗೆ ಒಂದೆರಡು ಮಾತು. ವಿಮಾ ಕಂಪೆನಿಯಿಂದ ಬರುವ ಮೊದಲ ಕಾಗದದ ಮೇಲೆ 'ಇದು ಬಿಲ್ಲಲ್ಲ' ಎಂದು ಬರೆದಿರುತ್ತದೆ, ಅದು ನಿಜ. ಆ ಕಾಗದವನ್ನು ಇಟ್ಟುಕೊಂಡು, ಕ್ಲಿನಿಕ್ಕಿನ ಬಿಲ್ಲು ಬಂದಾಗ ಎರಡನ್ನೂ ತಾರೀಕು ತಾರೀಕಿಗೆ ಹೋಲಿಸಿ ನೋಡಿದ ಮೇಲೆಯೇ ಹಣ ಕಟ್ಟಬೇಕು. ಸಾಲು ಸಾಲಾಗಿ ವಿವರ ಇರುವ ಬಿಲ್ಲು ಕೊಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ವಾಡಿಕೆಯ ಭೇಟಿಗೆ ಪಾಲು ಕೇಳಿದ್ದರೆ 'ಯಾವ ರೋಗಸಂಕೇತ ಬರೆದಿದ್ದೀರಿ' ಎಂದು ಮೊದಲು ಕ್ಲಿನಿಕ್ಕನ್ನು ಕೇಳಬೇಕು, ವಿಮಾ ಕಂಪೆನಿಯನ್ನಲ್ಲ. ತಪ್ಪಿದ್ದರೆ ತಿದ್ದಿ ಕಳುಹಿಸಬೇಕಾದವರು ಅವರು. ಹುಟ್ಟಿದ ಮಗುವಿನ ಹೆಸರನ್ನು ಕಂಪೆನಿಯ ವಿಮೆಗೆ 30 ದಿನದೊಳಗೆ ಸೇರಿಸಬೇಕು. ಸಂಭ್ರಮದಲ್ಲಿ ಇದನ್ನು ಮರೆತರೆ ಮಗುವಿನ ಬಿಲ್ಲು ಪೂರ್ತಿ ತಂದೆತಾಯಿಯ ತಲೆಗೆ ಬರಬಹುದು.

ಬಾಯಿಯವರಿಗೆ ಇಷ್ಟನ್ನೆಲ್ಲ ವಿವರಿಸಿ ಹೇಳಿದೆ. ಅವರು ಕೇಳಿ, "ಹಾಗಾದರೆ ಇನ್ನು ಮೇಲೆ ಹೆರಿಗೆಯಾದ ಮೇಲೆ ಅವಳನ್ನು ನೋಡಿದ್ದಕ್ಕೂ ಒಂದು ಸಾಲು ಇರುತ್ತದೆ ಅಲ್ಲವೇ?" ಎಂದರು. ಇರುತ್ತದೆ, ಅವಳು ಹೋದರೆ ಎಂದೆ. "ನಾನು ಹೋಗಿದ್ದರೆ ಅವಳನ್ನು ಕರಕೊಂಡೇ ಹೋಗುತ್ತೇನೆ" ಎಂದು ಅವರು ಪಾಸ್‌ಪೋರ್ಟಿನ ಅವಧಿ ಎಷ್ಟಿದೆ ಎಂದು ನೋಡಲು ಒಳಗೆ ಹೋದರು.